ಪ್ಲಾನ್ ಮಾಡುವವರು ಆಷಾಢದಲ್ಲಿ ಒಮ್ಮೆ ನಡೆದು ನೋಡಲಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ಸಭೆ ಇತ್ತು. ಊರ ಹಿಂದೆ ಪಾಳು ಬಿದ್ದಿರುವ ಹಳೆ ರೈಲು ದಾರಿಯನ್ನು ಜನ ನಡೆಯುವ, ಸೈಕಲ್ ಹೊಡೆಯುವ ಹಾದಿ ಮಾಡಬೇಕು ಎನ್ನುವ ವಿಚಾರ. ರೈಲ್ ಟ್ರೇಲ್ ಅನ್ನುತ್ತಾರಂತೆ ಅದಕ್ಕೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸಿದರು. ಹಾದಿಯ ಬಾಯಲ್ಲಿ ದೊಡ್ಡ ಕಮಾನು. ಕೆಳಗೆ ಕೆಂಪು ಹಳದಿ ಇಂಟರ್‌ಲಾಕ್ ಟೈಲ್ಸ್. ಹತ್ತು ಹೆಜ್ಜೆಗೊಂದು ದೀಪದ ಕಂಬ. ನಡುವೆ ಸಿಮೆಂಟಿನ ರೈಲು ಎಂಜಿನ್, ಅದರ ಪಕ್ಕ ಸೆಲ್ಫಿ ಪಾಯಿಂಟ್. ಆಕಾಶ ನೀಲಿ. ಇಡೀ ಚಿತ್ರದಲ್ಲಿ ಎಲ್ಲೂ ಒಂದು ಹನಿ ನೀರಿಲ್ಲ.

ನಾನು ಎದ್ದು ಒಂದೇ ಪ್ರಶ್ನೆ ಕೇಳಿದೆ. "ಇದರಲ್ಲಿ ಚರಂಡಿ ಎಲ್ಲಿದೆ ತಮ್ಮಾ?"

ಚಿತ್ರ ಮಾಡಿದ ಹುಡುಗ ಒಳ್ಳೆಯವನೇ. ಇಂಜಿನಿಯರಿಂಗ್ ಓದಿದವನು, ನಮ್ಮ ಕಡೆಯವನೇ. "ಅದು ಎರಡನೇ ಹಂತದಲ್ಲಿ ಬರುತ್ತೆ ಅಜ್ಜ" ಅಂದ. ಆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಕೀಮನ್ ಆಗಿ ನಿವೃತ್ತನಾದವನು. ಸೇರಿದಾಗ ಸದರ್ನ್ ರೈಲ್ವೆ. 2003ರಲ್ಲಿ ಅದು ನೈಋತ್ಯ ರೈಲ್ವೆ ಆಯಿತು. ನಾವಿದ್ದಲ್ಲೇ ಇದ್ದೆವು, ಸಂಬಳದ ಚೀಟಿಯ ಮೇಲಿನ ಹೆಸರು ಬದಲಾಯಿತು ಅಷ್ಟೆ. ಕೀಮನ್ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಒಂದು ಸುತ್ತಿಗೆ, ಒಂದು ಸ್ಪ್ಯಾನರ್, ಕೆಂಪು ಹಸಿರು ಬಾವುಟ ಹಿಡಿದು ದಿನಾ ತನ್ನ ಬೀಟ್, ಅಂದರೆ ತನ್ನ ಪಾಲಿನ ದಾರಿ, ಪೂರ್ತಿ ನಡೆಯುವವನು. ಹೋಗುವಾಗ ಒಂದು ಕಡೆಯ ಹಳಿ ನೋಡಬೇಕು, ಬರುವಾಗ ಇನ್ನೊಂದು ಕಡೆಯದು. ಹಳಿಯನ್ನು ಹಿಡಿದಿಡುವ ಕೀ ಸಡಿಲಾಗಿದ್ದರೆ ಹೊಡೆದು ಗಟ್ಟಿ ಮಾಡಬೇಕು. ಹಾಗೆ ನಡೆದ ದಾರಿಯದೇ ಒಂದು ತುಂಡು ಈಗ ಈ ಪ್ಲಾನಿನಲ್ಲಿ ಬಂದಿರುವುದು. ಅದರ ಮೇಲೆ ನನಗೊಂದಿಷ್ಟು ಹಕ್ಕಿದೆ ಅಂತ ನಾನೇ ಅಂದುಕೊಂಡಿದ್ದೇನೆ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟುವ ಹೊತ್ತಿಗೆ 1940. ಅದಾಗಿ ಎಷ್ಟೋ ವರ್ಷ ಹಳಿಗಳ ನಡುವೆ ಒಂದೇ ಮೀಟರ್ ಇರುವ ಮೀಟರ್‌ಗೇಜ್. ಕೊನೆಕೊನೆಗೆ ಒಂದು ರೈಲ್‌ಬಸ್ ಓಡುತ್ತಿತ್ತು, ನೆನಪಿರಬಹುದು ನಿಮಗೆ. ಬಸ್ಸೂ ಅಲ್ಲ ರೈಲೂ ಅಲ್ಲ. ಮಕ್ಕಳು ಕೈ ಬೀಸುತ್ತಿದ್ದರು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಅಗಲ ಹಳಿಯ ಬ್ರಾಡ್‌ಗೇಜ್ ಆಯಿತು. ಆಗ ನಮ್ಮೂರ ಹತ್ತಿರ ಒಂದು ತಿರುವನ್ನು ನೇರ ಮಾಡಿ, ಹಳೆ ದಾರಿಯನ್ನು ಹಾಗೇ ಬಿಟ್ಟರು. ಹಳಿ, ಸ್ಲೀಪರ್, ಗರ್ಡರ್ ಎಲ್ಲ ಕಿತ್ತು ಹೊತ್ತುಕೊಂಡು ಹೋದರು. ಉಳಿದದ್ದು ಮಣ್ಣಿನ ದಿಬ್ಬ, ಒಂದು ಕಟಿಂಗ್, ಮೂರು ಕಲ್ಲಿನ ಮೋರಿ, ಮತ್ತೆ ಹಳ್ಳದ ಎರಡೂ ದಡದಲ್ಲಿ ಸೇತುವೆಯ ಬೋಳು ಕಟ್ಟೆ. ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಪೇಪರಲ್ಲಿ ಬಂದರೆ ಮುಂದಿನ ಭಾನುವಾರವೇ ಜೀಪು ಬರುತ್ತವೆ.

ಹಾದಿ ಆಗಬೇಕು ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಆಗಲೇಬೇಕು. ನಮ್ಮ ಮೇಲಿನಕೇರಿಯ ಮಕ್ಕಳು ಹೈಸ್ಕೂಲಿಗೆ ಟಾರ್ ರೋಡಿನಲ್ಲಿ ಸುತ್ತಿ ಹೋದರೆ ಐದು ಕಿಲೋಮೀಟರ್. ಹಳೆ ರೈಲು ದಾರಿಯಲ್ಲಿ ಹೋದರೆ ಅರ್ಧ ಕೂಡ ಇಲ್ಲ. ಬೇಸಿಗೆಯಲ್ಲಿ ಅದರಲ್ಲೇ ಓಡುತ್ತಾರೆ. ಮಳೆಗಾಲ ಬಂತೋ, ಹಳ್ಳ ಇಳಿದು ಹತ್ತಲು ಆಗುವುದಿಲ್ಲ. ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲೂ ನಮ್ಮ ಕೇರಿಯ ಸೈಕಲ್‌ಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲೇ ಇರುತ್ತಿದ್ದವು.

ರೈಲು ದಾರಿ ನಡೆಯೋಕೆ ಯಾಕೆ ಅಷ್ಟು ಒಳ್ಳೆಯದು ಅಂತ ಸಭೆಯಲ್ಲಿ ಯಾರೂ ಹೇಳಲಿಲ್ಲ. ಅದಕ್ಕೆ ಉತ್ತರ ನಮ್ಮ ದನದ ಕೊಟ್ಟಿಗೆ ಹಿಂದೆ ನಿಂತಿದೆ. ಒಂದು ಗ್ರೇಡಿಯಂಟ್ ಪೋಸ್ಟ್. ಗಿಡ್ಡ ಕಂಬ, ಎರಡು ಕೈ. ಒಂದು ಕೈ ಮಟ್ಟವಾಗಿದೆ, ಇನ್ನೊಂದು ಚೂರು ಮೇಲಕ್ಕೆ ವಾಲಿದೆ. ಸುಣ್ಣ ಉದುರಿದ್ದರೂ 100 ಅಂತ ಬರೆದದ್ದು ಕಾಣುತ್ತದೆ. ಅಂದರೆ ಆ ಕಡೆಗೆ ನೂರು ಮೀಟರ್ ನಡೆದರೆ ಒಂದು ಮೀಟರ್ ಏರು. ಎಂಜಿನ್ನಿಗೆ ಅದಕ್ಕಿಂತ ಜಾಸ್ತಿ ಏರು ಕಷ್ಟ, ಹಾಗಾಗಿ ಗುಡ್ಡ ಇದ್ದಲ್ಲಿ ಕಡಿದು, ತಗ್ಗಿದ್ದಲ್ಲಿ ತುಂಬಿ, ಸುತ್ತಿ ಬಳಸಿ ದಾರಿ ಮಾಡಿದ್ದಾರೆ. ಮಲೆನಾಡಿನಲ್ಲಿ ಮಂಡಿ ನೋವಿನವರು, ಬಸುರಿ ಬಾಣಂತಿಯರು, ಗಾಲಿಕುರ್ಚಿಯವರು ಏದುಸಿರು ಬಿಡದೆ ಹೋಗಬಹುದಾದ ದಾರಿ ಇನ್ನೆಲ್ಲಿದೆ ಹೇಳಿ? ಆ ಕಂಬಕ್ಕೆ ಈಗ ಪಕ್ಕದ ಮನೆಯವರು ಎಮ್ಮೆ ಕಟ್ಟುತ್ತಾರೆ.

ಈಗ ನೀರಿನ ವಿಚಾರ.

ನಮ್ಮ ಗ್ಯಾಂಗಿಗೆ ಮುಖ್ಯಸ್ಥರು, ಮೇಟ್ ಅನ್ನುತ್ತಿದ್ದೆವು, ಒಬ್ಬರಿದ್ದರು. ಕೆಲಸಕ್ಕೆ ಹೊಸಬರು ಬಂದರೆ ಮೊದಲ ದಿನ ಅವರ ಕೈಗೆ ಜಲ್ಲಿ ಕುಟ್ಟುವ ಬೀಟರ್ ಕೊಡುತ್ತಿರಲಿಲ್ಲ, ಗುದ್ದಲಿ ಕೊಡುತ್ತಿದ್ದರು. ಧರೆ ಹತ್ತಿಸುತ್ತಿದ್ದರು. ಕಟಿಂಗ್ ಅಂದರೆ ಗುಡ್ಡ ಕಡಿದು ನಡುವೆ ದಾರಿ ಮಾಡಿರುತ್ತಾರಲ್ಲ, ಅದರ ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಸ್ವಲ್ಪ ಹಿಂದಕ್ಕೆ ಒಂದು ಕಾಲುವೆ ಇರುತ್ತದೆ. ಕ್ಯಾಚ್ ವಾಟರ್ ಅನ್ನುತ್ತಿದ್ದೆವು. ಗುಡ್ಡದ ನೀರು ಧರೆ ಮೇಲಿಂದ ಸುರಿಯುವ ಮೊದಲೇ ಅದನ್ನು ಹಿಡಿದು ಪಕ್ಕಕ್ಕೆ ಒಯ್ದು ಮೋರಿಗೆ ಬಿಡುವ ಕಾಲುವೆ ಅದು. ಕೆಳಗೆ ನಿಂತು ನೋಡಿದವರಿಗೆ ಕಾಣುವುದೇ ಇಲ್ಲ. ಡ್ರೋನಿನಿಂದ ನೋಡಿದರೂ ಕಾಣುವುದಿಲ್ಲ, ಮೇಲೆ ಮರ ಕವಿದಿರುತ್ತದೆ. ಮೇ ತಿಂಗಳ ಕೊನೆಯೊಳಗೆ ಅದರಲ್ಲಿ ಬಿದ್ದ ಎಲೆ, ಕೊಂಬೆ, ಮಣ್ಣು ಪೂರ್ತಿ ಎತ್ತಬೇಕು. ಒಂದು ವರ್ಷ ಎತ್ತಲಿಲ್ಲ ಅಂದರೆ ಕಾಲುವೆ ತುಂಬುತ್ತದೆ. ನೀರು ಅಲ್ಲೇ ನಿಲ್ಲುತ್ತದೆ, ನಿಂತದ್ದು ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ಭಾರವಾಗುತ್ತದೆ. ಒಂದು ರಾತ್ರಿ ಧರೆ ಜರಿಯುತ್ತದೆ.

ಮಳೆಗಾಲದ ರಾತ್ರಿ ಪೆಟ್ರೋಲಿಂಗ್ ಹೋಗುತ್ತಿದ್ದೆ. ತಲೆ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಲಾಂದ್ರ, ಹೆಗಲ ಚೀಲದಲ್ಲಿ ಪಟಾಕಿ. ಪಟಾಕಿ ಅಂದರೆ ದೀಪಾವಳಿಯದಲ್ಲ, ಹಳಿಗೆ ಕಟ್ಟುವ ಡಿಟೊನೇಟರ್. ಎಲ್ಲಾದರೂ ಧರೆ ಜರಿದಿದ್ದರೆ ಅಲ್ಲಿಂದ ರೈಲು ಬರುವ ಕಡೆಗೆ ಓಡಬೇಕು. 400 ಮೀಟರಿಗೆ ಒಂದು, 800 ಮೀಟರಿಗೆ ಮೂರು ಕಟ್ಟಬೇಕು. ಮೀಟರ್‌ಗೇಜಿನ ಲೆಕ್ಕ ಅದು. ಎಂಜಿನ್ ಚಕ್ರ ಹತ್ತಿದರೆ ಢಂ ಅಂತ ಸಿಡಿಯುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ನನ್ನ ಸರ್ವಿಸಿನಲ್ಲಿ ಹಾಗೆ ಓಡಿದ್ದು ಎರಡೇ ಸಲ. ಎರಡು ಸಲವೂ ಬೆಳಿಗ್ಗೆ ಹತ್ತಿ ನೋಡಿದರೆ ನೆತ್ತಿಯ ಕಾಲುವೆ ಕಟ್ಟಿತ್ತು. ಒಂದು ಸಲ ಕಟ್ಟಿದ್ದು ಏನು ಗೊತ್ತಾ? ಒಂದು ಹಳೆ ಗೋಣಿಚೀಲ. ಯಾರೋ ಸೊಪ್ಪು ತರಲು ಹೋದವರು ಬಿಟ್ಟು ಬಂದದ್ದು.

ಮೊನ್ನೆ ಸಭೆ ಮುಗಿದ ಮೇಲೆ ಆ ಹುಡುಗನನ್ನು ಕರೆದುಕೊಂಡು ಕಟಿಂಗ್ ಮೇಲೆ ಹತ್ತಿದೆ. ಕ್ಯಾಚ್ ವಾಟರ್ ಇದ್ದ ಜಾಗದಲ್ಲಿ ಅಕೇಶಿಯಾ ಎಲೆ ಮೊಣಕಾಲುದ್ದ ಕೂತಿದೆ. ಕೋಲು ಚುಚ್ಚಿದರೆ ಕೆಳಗೆ ಇನ್ನೂ ಕಟ್ಟಿದ ಕಲ್ಲು ತಾಗುತ್ತದೆ. ಟಣ್ ಅಂತು. ಹುಡುಗನ ಮುಖ ನೋಡಬೇಕಿತ್ತು ನೀವು. "ಇದು ಸರ್ವೆಯಲ್ಲಿ ಬಂದೇ ಇಲ್ಲ ಅಜ್ಜ" ಅಂದ. ಹೇಗೆ ಬರುತ್ತದೆ? ಸರ್ವೆ ಮಾಡಿದ್ದು ಜನವರಿಯಲ್ಲಿ. ಜನವರಿಯಲ್ಲಿ ಮಲೆನಾಡಿನ ಯಾವ ಜಾಗವೂ ಚೆನ್ನಾಗಿಯೇ ಇರುತ್ತದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೆ. ಪ್ಲಾನಿಗೆ ಸಹಿ ಹಾಕುವ ಮೊದಲು, ಆಷಾಢದಲ್ಲಿ, ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ಪ್ಲಾನ್ ಮಾಡುವವರೆಲ್ಲ ಈ ಎರಡು ಕಿಲೋಮೀಟರ್ ಒಮ್ಮೆ ನಡೆಯಲಿ. ನೀರು ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ, ಯಾವ ಮೋರಿ ಕುಡಿಯುತ್ತದೆ, ಯಾವುದು ಉಗುಳುತ್ತದೆ ಅಂತ ಅದೇ ತೋರಿಸುತ್ತದೆ. ಅಲ್ಲಲ್ಲಿ ಗೂಟ ಹೊಡೆದು ಬರಲಿ. ಅದೇ ಅರ್ಧ ಪ್ಲಾನ್. ಉಂಬಳ, ಅಂದರೆ ಜಿಗಣೆ, ಹತ್ತುತ್ತವೆ ಅನ್ನುವುದೊಂದು ಕಷ್ಟ, ಸುಣ್ಣ ಹೊಗೆಸೊಪ್ಪು ನಾನು ಕೊಡುತ್ತೇನೆ.

ಟೈಲ್ಸ್ ಬಗ್ಗೆ ಒಂದು ಮಾತು. ಹತ್ತಿರದ ಒಂದು ಪೇಟೆಯಲ್ಲಿ ಕೆರೆ ಸುತ್ತ ನಡೆಯುವ ಹಾದಿ ಮಾಡಿದ್ದಾರೆ. ಯಾವ ಊರು, ಯಾರು ಮಾಡಿಸಿದ್ದು ಅಂತ ಹೇಳುವುದು ಬೇಡ. ಚೆಂದದ ಇಂಟರ್‌ಲಾಕ್. ಉದ್ಘಾಟನೆಯಾದ ಮೊದಲನೇ ಮಳೆಗಾಲದಲ್ಲೇ ಅದರ ಮೇಲೆ ಹಾವಸೆ ಬೆಳೆಯಿತು. ನನ್ನ ಹೆಂಡತಿ ಮಗಳ ಮನೆಗೆ ಹೋದಾಗ ಬೆಳಿಗ್ಗೆ ವಾಕಿಂಗ್ ಅಂತ ಹೋಗಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಇವತ್ತಿಗೂ ಅವಳಿಗೆ ರೊಟ್ಟಿ ತಟ್ಟಲು ಆಗುವುದಿಲ್ಲ, ಆ ಕೈ ಅರ್ಧಕ್ಕೇ ನಿಲ್ಲುತ್ತದೆ. ಸಭೆಯ ಸುದ್ದಿ ಹೇಳಿದ್ದಕ್ಕೆ ಅವಳು ಕೇಳಿದ ಮೊದಲ ಪ್ರಶ್ನೆ, "ಅಲ್ಲೂ ಅದೇ ಬಿಲ್ಲೆ ಹಾಕ್ತಾರನಾ?"

ಹಾಕಬಾರದು. ಹಳೆ ರೈಲು ದಿಬ್ಬಕ್ಕೆ ಬೇಕಾದ್ದು ಗರಸು. ಮೇಲೆ ಉಳಿದಿರುವ ಚೂಪು ಜಲ್ಲಿಯನ್ನು ಕೂಡಿಸಿ, ಅದರ ಮೇಲೆ ಸಣ್ಣ ಜಲ್ಲಿಪುಡಿ, ಗರಸು ಹಾಕಿ ನೀರು ಚಿಮುಕಿಸಿ ರೋಲರ್ ಹೊಡೆಯಬೇಕು. ನಡುವೆ ಉಬ್ಬು, ಎರಡೂ ಪಕ್ಕ ಇಳಿಜಾರು. ಮೀನಿನ ಬೆನ್ನಿನ ಹಾಗೆ. ಅಗಲ ಎರಡೂವರೆ ಮೂರು ಮೀಟರ್ ಸಾಕು. ಹೊರದೇಶದಲ್ಲಿ ಇಂಥ ಹಾದಿ ಮಾಡಿದವರೂ ಎಷ್ಟೋ ಕಡೆ ಮಾಡಿರುವುದು ಇದೇ, ಕುಟ್ಟಿದ ಜಲ್ಲಿ. ಹಾಳಾದರೆ ನಮ್ಮೂರವರೇ ನಾಲ್ಕು ಬುಟ್ಟಿ ಗರಸು ಹಾಕಿ ಸರಿ ಮಾಡಬಹುದು. ಕಾಂಕ್ರೀಟ್ ಬಿರುಕು ಬಿಟ್ಟರೆ ಮತ್ತೆ ಟೆಂಡರ್.

ಹೊರದೇಶ ಅಂದೆನಲ್ಲ. ನನ್ನ ತಂಗಿ ಮಗಳು ಮೊಬೈಲಿನಲ್ಲಿ ತೋರಿಸಿದಳು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್‌ರಾಯ್–ಸ್ಪಾರ್ಟಾ ಅಂತ ಒಂದು ಹಾದಿ ಇದೆ, 1967ರಲ್ಲೇ ಶುರುವಾದದ್ದು. ಮೂರು ಸುರಂಗಗಳ ಒಳಗೆ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ನ್ಯೂಜಿಲೆಂಡಿನಲ್ಲಿ ಒಟಾಗೊ ಅಂತ ಒಂದು ಕಡೆ. ಅಲ್ಲಿ ರೈಲು ನಿಂತದ್ದು 1990ರಲ್ಲಿ. ಹಾದಿ ಪೂರ್ತಿ ತೆರೆದದ್ದು 2000ದಲ್ಲಿ. 152 ಕಿಲೋಮೀಟರಿಗೆ ಹತ್ತು ವರ್ಷ. ನಮ್ಮವರು ಎರಡು ಕಿಲೋಮೀಟರಿಗೆ ಮೂರು ತಿಂಗಳು ಅನ್ನುತ್ತಿದ್ದಾರೆ, ಮೂರು ತಿಂಗಳಲ್ಲಿ ಮೂರು ಮನೆಯ ಜಗಳ ಬಗೆಹರಿಯುವುದಿಲ್ಲ. ಒಟಾಗೊದ ಚಿತ್ರದಲ್ಲಿ ನಾನು ನೋಡಿದ್ದು ಗುಡ್ಡ ಕಣಿವೆಗಳನ್ನಲ್ಲ. ಹಳೆ ರೈಲು ಸೇತುವೆಗೆ ಮೇಲಿಂದ ಹಲಗೆ ಹೊಡೆದು, ಪಕ್ಕಕ್ಕೆ ಕಟಕಟೆ ಕಟ್ಟಿ ಹಾಗೇ ಬಳಸುತ್ತಿದ್ದಾರಲ್ಲ, ಅದನ್ನು. ನಮ್ಮ ಹಳ್ಳದ ಮೇಲಿನ ಗರ್ಡರನ್ನೂ ಅವತ್ತು ಬಿಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಗುಜರಿ ಬೆಲೆ ಬರುತ್ತದೆ ಅಂತ ಕಿತ್ತದ್ದು. ಕೀಳುವಾಗ ನಾನೂ ಅಲ್ಲಿದ್ದೆ, ಹಗ್ಗ ಹಿಡಿದಿದ್ದೆ.

ಈಗ ಆ ಜಾಗಕ್ಕೆ ಒಂದು ಕಾಲುಸಂಕ ಬೇಕು. ಇಡೀ ಯೋಜನೆಯಲ್ಲಿ ದುಡ್ಡು ಜಾಸ್ತಿ ಬೀಳುವುದು ಇಲ್ಲೇ, ಬೀಳಬೇಕಾದ್ದೂ ಇಲ್ಲೇ. ಎರಡೂ ದಡದ ಕಲ್ಲುಕಟ್ಟೆ ಇನ್ನೂ ಗಟ್ಟಿಯಾಗಿವೆ. ಸಂದಿಯಲ್ಲಿ ಅತ್ತಿ ಗಿಡ ಹುಟ್ಟಿದೆ, ಅದನ್ನು ಈ ಬೇಸಿಗೆಯಲ್ಲೇ ಬೇರು ಸಮೇತ ತೆಗೆಯಬೇಕು. ಮಲೆನಾಡು ಕರಾವಳಿಯ ಶಾಲೆ ಮಕ್ಕಳಿಗಾಗಿ ಸರ್ಕಾರ ಶಾಲಾ ಸಂಪರ್ಕ ಸೇತು ಅಂತ ಯೋಜನೆ ಮಾಡಿ ಕಾಲುಸಂಕ ಕಟ್ಟಿಸಿದ್ದು ಇದೆಯಲ್ಲ. ಪ್ರವಾಸೋದ್ಯಮದ ದುಡ್ಡಿಗೆ ಕಾಯುವ ಬದಲು ಆ ದಾರಿಯಲ್ಲಿ ಕೇಳಬಹುದು. ಕಮಾನಿನ ದುಡ್ಡು ಉಳಿದರೆ ಕಟಕಟೆಗೆ ಆಗುತ್ತದೆ.

ಜಾಗದ ವಿಚಾರ ಸಭೆಯಲ್ಲಿ ತೇಲಿಸಿ ಬಿಟ್ಟರು. ಹಳಿ ಇಲ್ಲ ಅಂದ ಮಾತ್ರಕ್ಕೆ ಜಾಗ ಊರಿನದಾಗುವುದಿಲ್ಲ. ಅದು ಇವತ್ತಿಗೂ ರೈಲ್ವೆಯದು. ಗಡಿಕಲ್ಲು ಪೊದೆಯೊಳಗೆ ಇವೆ, ನಾಲ್ಕನ್ನು ನಾನೇ ತೋರಿಸಿದೆ. ಮೈಸೂರು ವಿಭಾಗದ ಕಚೇರಿಗೆ ಪಂಚಾಯಿತಿ ಬರೆಯಬೇಕು. ಇಷ್ಟು ವರ್ಷಕ್ಕೆ, ಇಂಥ ಕೆಲಸಕ್ಕೆ, ಇಂಥ ಷರತ್ತಿಗೆ ಅಂತ ಕಾಗದದ ಮೇಲೆ ಒಪ್ಪಿಗೆ ಸಿಗಬೇಕು. ಕಟಿಂಗಿನ ಆಚೆ ಅರಣ್ಯ ಇಲಾಖೆಯ ಜಾಗ ತಾಗುತ್ತದೆ, ಅವರನ್ನೂ ಕೇಳಬೇಕು. ಕಾಗದ ಬರದೆ ಒಂದು ಬುಟ್ಟಿ ಗರಸೂ ಹಾಕಬಾರದು ಅನ್ನುವವನು ನಾನು. ಬೇಕಾದರೆ ಹಳೆ ಕಾಲದ ನೌಕರ ಅಂತ ನಗಿ.

ಇನ್ನು ಪಕ್ಕದ ಜಮೀನಿನವರು. ಸಭೆಯಲ್ಲಿ ಮಾತಾಡಿದವರೆಲ್ಲ ಹಾದಿ ಬೇಕು ಅನ್ನುವವರೇ. ಬೇಡ ಅನ್ನುವವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು, ಬಾಯಿ ಬಿಡಲಿಲ್ಲ. ಮರುದಿನ ನನ್ನ ಮನೆ ಜಗುಲಿಗೆ ಬಂದು ಬಿಟ್ಟರು. ಒಬ್ಬರಿಗೆ ಅಡಿಕೆ ಕಳ್ಳರ ಹೆದರಿಕೆ. ಕೊಯ್ಲಿನ ಹೊತ್ತಿನಲ್ಲಿ ಹಸಿ ಅಡಿಕೆ ಗೊನೆಯನ್ನೇ ಇಳಿಸಿಕೊಂಡು ಹೋಗುತ್ತಾರೆ, ಈಗ ತೋಟದ ಬೆನ್ನಿಗೇ ರಾಜಮಾರ್ಗ ಮಾಡಿಕೊಟ್ಟರೆ? ಇನ್ನೊಬ್ಬರಿಗೆ ಟಿಲ್ಲರ್ ದಾಟಿಸುವುದು ಹೇಗೆ ಅನ್ನುವ ಚಿಂತೆ. ಮತ್ತೊಬ್ಬ ಅಕ್ಕ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. "ಅಣ್ಣಾ, ನಮ್ಮ ಬಚ್ಚಲ ಬಾಗಿಲು ಆ ಕಡೆಗೇ ಇರೂದು" ಅಂದಳು. ಯಾವ ಪ್ರೊಜೆಕ್ಟರ್ ಚಿತ್ರದಲ್ಲೂ ಬಚ್ಚಲು ಇರಲಿಲ್ಲ.

ಈ ಮಾತುಗಳಿಗೆಲ್ಲ ಉತ್ತರ ಇದೆ, ಆದರೆ ಅವರ ಮನೆ ಜಗುಲಿಗೆ ಹೋಗಿ ಕೂತು ಕೇಳಿದರೆ ಮಾತ್ರ. ಬಚ್ಚಲ ಕಡೆಗೆ ದಾಸವಾಳದ ಬೇಲಿ ಒಂದು ವರ್ಷ ಮೊದಲೇ ನೆಡಬೇಕು. ಟಿಲ್ಲರ್ ದಾಟುವಲ್ಲಿ ಕಲ್ಲು ಹಾಸಿ ಇಳಿಜಾರು ಮಾಡಿಕೊಡಬೇಕು. ಕಳ್ಳರ ವಿಚಾರಕ್ಕೆ ನಾನು ಹೇಳುವುದು, ಕಳ್ಳ ಬರುವುದು ಯಾರೂ ನಡೆಯದ ದಾರಿಯಲ್ಲಿ. ಈಗಿರುವ ಪೊದೆಯೇ ಅವನಿಗೆ ಅನುಕೂಲ. ಬೈಕು, ಜೀಪು ಒಳಗೆ ಬರದಂತೆ ಎರಡೂ ಬಾಯಲ್ಲಿ ಕಬ್ಬಿಣದ ಗೇಟು ಅಂತ ಪ್ಲಾನಿನಲ್ಲಿದೆ. ಅದು ತುಕ್ಕು ಹಿಡಿಯುತ್ತದೆ, ಬೀಗದ ಕೈ ಕಳೆಯುತ್ತದೆ. ನಮ್ಮ ಹಳೆ ಉಣುಗೋಲು ಏನಾಗಿದೆ? ಎರಡು ಕಂಬ, ಅದರ ತೂತಿನಲ್ಲಿ ಬಿದಿರ ಗಳ. ಪಕ್ಕದಲ್ಲಿ ಗಾಲಿಕುರ್ಚಿ, ಸೈಕಲ್ ಹೋಗುವಷ್ಟು ಸಂದಿ. ಆಂಬುಲೆನ್ಸ್ ಬಂದರೆ ಗಳ ಸರಿಸಿದರಾಯಿತು.

ದೀಪದ ಕಂಬ ಯಾಕೆ ಬೇಕು ನನಗೆ ತಿಳಿಯಲಿಲ್ಲ. ಕತ್ತಲಾದ ಮೇಲೆ ಅಲ್ಲಿ ಕಾಡುಹಂದಿ ಓಡಾಡುತ್ತವೆ. ಅವುಗಳ ಪಾಡಿಗೆ ಅವು ಇರಲಿ.

ಮಂಗನ ಕಾಯಿಲೆಯ ಹೆಸರನ್ನೇ ಯಾರೂ ಎತ್ತಲಿಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಆ ಊರಿನ ಹೆಸರಲ್ಲೇ ಇಡೀ ಲೋಕದ ಪುಸ್ತಕಗಳಲ್ಲಿದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಇದೇ ಕಾಯಿಲೆ ಹಬ್ಬಿ ಜನ ಸತ್ತದ್ದನ್ನು ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ರೋಗ. ಚಳಿಗಾಲದಿಂದ ಮಳೆ ಹಿಡಿಯುವವರೆಗೂ ಅದರ ಕಾಲ. ಅಂದರೆ ಹಾದಿಯಲ್ಲಿ ಜನ ನಡೆಯಲು ಬಯಸುವ ತಿಂಗಳುಗಳೇ ಅವು! ಹಾದಿಯ ಎರಡೂ ಪಕ್ಕ ತರಗೆಲೆ ಗುಡಿಸಬೇಕು, ಹುಲ್ಲು ಸವರಬೇಕು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಬೇಕು, ಅವತ್ತೇ ಆ ತುಂಡಿಗೆ ಗಳ ಹಾಕಿ ಮುಚ್ಚಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಎರಡೂ ಬಾಯಲ್ಲಿ ಹಾಕಬೇಕು. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಅಲ್ಲೇ ಪಕ್ಕದ ಅಂಗಡಿಯಲ್ಲಿ ಇಟ್ಟಿರಲಿ. ಬೆಂಗಳೂರಿನಿಂದ ಚಡ್ಡಿ ಹಾಕಿಕೊಂಡು ಬಂದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಅವರಿಗೆ ಇನ್ನೊಂದೂ ಗೊತ್ತಿರುವುದಿಲ್ಲ. ರೈಲು ಓಡುವ ಹಳಿ ಬೇರೆ, ಬಿಟ್ಟ ದಾರಿ ಬೇರೆ ಅಂತ. ಸಕಲೇಶಪುರ–ಸುಬ್ರಹ್ಮಣ್ಯದ ಘಾಟಿಯಲ್ಲಿ ಹಳಿ ಮೇಲೆ ನಡೆಯುವುದನ್ನೇ ಟ್ರೆಕ್ಕಿಂಗ್ ಅನ್ನುತ್ತಿದ್ದರು. 2023ರ ಜುಲೈಯಲ್ಲಿ ದೂಧ್‌ಸಾಗರಕ್ಕೆ ಹಳಿ ಹಿಡಿದು ಹೊರಟವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ಮೊಬೈಲಿನಲ್ಲಿ ನೋಡಿ ನಾನೂ ನಕ್ಕಿದ್ದೆ. ಹಾಗೆ ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಅಪರಾಧ. ನಮ್ಮ ಹಾದಿಯ ಒಂದು ತುದಿ ಈಗಿನ ಬ್ರಾಡ್‌ಗೇಜ್ ಹಳಿಯ ಹತ್ತಿರ ಮುಗಿಯುತ್ತದೆ. ಅಲ್ಲಿ ದಾಟಲಾಗದಂಥ ಬೇಲಿ ಬೇಕೇ ಬೇಕು. ಮುಂಚೆ ಹಳಿ ಜೋಡಿಸಿದಲ್ಲೆಲ್ಲ ಟಕಟಕ ಸದ್ದು ಬರುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದಿರುತ್ತಾರೆ. ರೈಲು ಮೈಮೇಲೆ ಬರುವವರೆಗೂ ಸುಳಿವಿಲ್ಲ.

ಹಳೆಯದನ್ನು ಉಳಿಸಿಕೊಳ್ಳಬೇಕು ಅನ್ನುವವರ ಜೊತೆ ನನ್ನ ಜಗಳವಿಲ್ಲ. ಅರಸಾಳಿನ ಹಳೆ ಸ್ಟೇಷನ್ನನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು, ಚೆನ್ನಾಗಿದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಗೇಜಿನ ಪುಟ್ಟ ಟ್ರಾಮ್ ಓಡುತ್ತಿತ್ತು ಅಂದರೆ ಈಗಿನವರು ನಂಬುವುದೇ ಇಲ್ಲ. ಅಂಥ ದಾರಿಗಳನ್ನೂ ಊರೂರಿನವರು ಕೂತು ಗುರುತಿಸಿ ಇಡಬಹುದು. ಆದರೆ ನಮ್ಮ ಹಾದಿಗೆ ಸಿಮೆಂಟಿನ ಎಂಜಿನ್ ಬೇಡ. ಆ ಗ್ರೇಡಿಯಂಟ್ ಪೋಸ್ಟಿಗೆ ಸುಣ್ಣ ಬಳಿದು, ಅದು ಏನು ಅಂತ ಪಕ್ಕದಲ್ಲಿ ಎರಡು ಸಾಲು ಬರೆದರೆ ಸಾಕು. ಎಮ್ಮೆಗೆ ಬೇರೆ ಗೂಟ ಹೊಡೆದುಕೊಡುತ್ತೇನೆ.

ಉದ್ಘಾಟನೆ ಆದ ಮೇಲೆ ನೋಡಿಕೊಳ್ಳುವವರು ಯಾರು? ಸಭೆಯಲ್ಲಿ "ಸಮಿತಿ ಮಾಡೋಣ" ಅಂದರು. ಸಮಿತಿ ಅಂದರೆ ಫೋಟೊ. ನಾವು ರೈಲ್ವೆಯಲ್ಲಿ ಸಮಿತಿ ಮಾಡಿರಲಿಲ್ಲ, ಬೀಟ್ ಮಾಡಿದ್ದೆವು. ಇಂಥ ಕಂಬದಿಂದ ಇಂಥ ಕಂಬದವರೆಗೆ ಇಂಥವನದ್ದು. ಅಲ್ಲಿ ಒಂದು ಕೀ ಬಿದ್ದಿದ್ದರೆ ಯಾರನ್ನು ಕೇಳಬೇಕು ಅಂತ ಇನ್‌ಸ್ಪೆಕ್ಟರಿಗೆ ಗೊತ್ತಿರುತ್ತಿತ್ತು. ಈ ಎರಡು ಕಿಲೋಮೀಟರನ್ನೂ ನಾಲ್ಕು ಬೀಟ್ ಮಾಡಿ ನಾಲ್ಕು ಕೇರಿಗೆ ಕೊಡಿ. ಮೇ ಕೊನೆಯೊಳಗೆ ಅವರವರ ಚರಂಡಿ ಮೋರಿ ಅವರವರೇ ಎತ್ತಲಿ, ಕೂಲಿಯನ್ನು ಪಂಚಾಯಿತಿ ಕೊಡಲಿ. ಪುಕ್ಕಟೆ ಶ್ರಮದಾನ ಮೊದಲ ವರ್ಷ ನಡೆಯುತ್ತದೆ, ಮೂರನೇ ವರ್ಷಕ್ಕೆ ನಾನೊಬ್ಬನೇ ಗುದ್ದಲಿ ಹಿಡಿದು ನಿಂತಿರುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಂದು ಸಲ ಒಬ್ಬರು ಪೂರ್ತಿ ನಡೆದು ಪುಸ್ತಕದಲ್ಲಿ ಬರೆಯಲಿ. ಮೊದಲ ಬೀಟ್ ನನಗೇ ಇರಲಿ ಅಂತ ಹೇಳಿದ್ದೇನೆ. ಮಂಡಿ ಇನ್ನೂ ಒಂದೆರಡು ವರ್ಷ ಕೇಳುತ್ತದೆ.

ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ ದಾರಿಯನ್ನು ಒತ್ತಿದವರಲ್ಲಿ ನಾನೂ ಒಬ್ಬ. ನಾಲ್ಕೈದು ವರ್ಷದಿಂದ ನಮ್ಮ ಹುಲ್ಲಿನ ಬಣವೆ ಹಾಕುವುದು ಹಳೆ ರೈಲು ದಿಬ್ಬದ ಮೇಲೆಯೇ. ಎತ್ತರದ ಜಾಗ, ನೀರು ನಿಲ್ಲುವುದಿಲ್ಲ, ಗೆದ್ದಲು ಕಡಿಮೆ. ಸಭೆಯಲ್ಲಿ ನಾನು ಚರಂಡಿ ಚರಂಡಿ ಅಂತ ಕೂಗುವಾಗ ಹಿಂದಿನಿಂದ ಯಾರೋ, "ಮೊದ್ಲು ನಿಮ್ಮ ಬಣವೆ ತೆಗೀರಿ ಮಾರಾಯ್ರೆ" ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಬಾಯಿ ಕಟ್ಟಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹಿತ್ತಲಲ್ಲಿ ಹಲಸಿನ ಮರದ ಬುಡಕ್ಕೆ ಕಲ್ಲು ಜೋಡಿಸಿ ಅಟ್ಟಣೆ ಮಾಡಿದರೆ ಅಲ್ಲೇ ಹಾಕಬಹುದು ಅಂದಳು. ಬರುವ ಸೋಮವಾರಕ್ಕೆ ಇಬ್ಬರು ಆಳಿಗೆ ಹೇಳಿದ್ದೇನೆ. ಆ ಇಂಜಿನಿಯರ್ ಹುಡುಗನೂ ಬರುತ್ತೇನೆ ಅಂದಿದ್ದಾನೆ, ಬಣವೆ ಅಡಿ ಹಳೆ ಕಿಲೋಮೀಟರ್ ಕಲ್ಲು ಇದೆ ಅಂತ ಹೇಳಿದ್ದಕ್ಕೆ.

ಇಂತಿ ನಿಮ್ಮ ಓದುಗ,
ನಿವೃತ್ತ ಕೀಮನ್,
ಸಾಗರ ತಾಲ್ಲೂಕು